ಕಂಡಕ್ಟರ್ ಹತ್ತಿದ ಮೆಟ್ಟಿಲುಗಳ ಲೆಕ್ಕ



ದ್ವಿತೀಯ ಪಿಯುಸಿ ಮುಗಿಸಿದ ವಾಣಿಜ್ಯ ವಿದ್ಯಾರ್ಥಿಗಳನ್ನು ‘ಮುಂದೇನು?’ ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಬಿಕಾಂ, ಬಿಬಿಎ, ಧೈರ್ಯ ಇದ್ದವರಿಗೆ ಸಿಎ. ಹೃದಯ, ಸ್ನಾಯು, ಉಸಿರಾಟ ಇವೆಲ್ಲ ವಿಜ್ಞಾನ ವಿಭಾಗದವರ ಆಸ್ತಿ ಎಂದು ನಾವೇ ಬರೆದುಕೊಟ್ಟುಬಿಟ್ಟಿದ್ದೇವೆ. ಆದರೆ ದೇಹದ ಬಗ್ಗೆಯೇ ಇದ್ದೂ, ಅರ್ಧಕ್ಕಿಂತ ಹೆಚ್ಚು ಲೆಕ್ಕಪತ್ರದಿಂದಲೇ ನಡೆಯುವ ಒಂದು ಓದು ಇದೆ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಅದರ ಹೆಸರು ‘ವ್ಯಾಯಾಮ ವಿಜ್ಞಾನ ಮತ್ತು ಆರೋಗ್ಯ ಸಂವರ್ಧನೆ’. ಅಲ್ಲಿ ಇದು ಸ್ನಾತಕೋತ್ತರ ಪದವಿ, ಸಾಮಾನ್ಯವಾಗಿ ಎರಡು ವರ್ಷ. ನಮ್ಮ ದೇಶದಲ್ಲಿ ಇದೇ ವಿಷಯ ದೈಹಿಕ ಶಿಕ್ಷಣ, ಕ್ರೀಡಾ ವಿಜ್ಞಾನ, ಸಾರ್ವಜನಿಕ ಆರೋಗ್ಯ ಎಂದು ಬೇರೆ ಬೇರೆ ಕೋರ್ಸುಗಳಲ್ಲಿ ಹಂಚಿಹೋಗಿದೆ.

ಹೆಸರಿನಲ್ಲಿ ಎರಡು ಭಾಗಗಳಿವೆ. ವ್ಯಾಯಾಮ ವಿಜ್ಞಾನ ಕೇಳುವ ಪ್ರಶ್ನೆ: ದೇಹ ಚಲಿಸಿದಾಗ ಒಳಗೆ ಏನಾಗುತ್ತದೆ, ಎಷ್ಟು ಚಲಿಸಿದರೆ ಎಷ್ಟು ಲಾಭ? ಆರೋಗ್ಯ ಸಂವರ್ಧನೆ ಕೇಳುವ ಪ್ರಶ್ನೆ ಇನ್ನೂ ಕಷ್ಟದ್ದು: ಲಾಭ ಇದೆ ಎಂದು ಗೊತ್ತಿದ್ದರೂ ಜನ ಏಕೆ ಚಲಿಸುವುದಿಲ್ಲ, ಅವರಿಗೆ ಅದು ಸಾಧ್ಯವಾಗುವಂತೆ ಮಾಡುವುದು ಹೇಗೆ?

ನಮ್ಮ ಮನೆಯಲ್ಲಿ ಉರ್ದು. ಮನೆಯಲ್ಲಿ ‘ತಾಲೀಮ್’ ಎಂದರೆ ವಿದ್ಯಾಭ್ಯಾಸ. ಕನ್ನಡಕ್ಕೆ ಬಂದಾಗ ಅದೇ ಪದ ‘ತಾಲೀಮು’ ಆಗಿ, ಕುಸ್ತಿಯವರ, ನಾಟಕದವರ ಅಭ್ಯಾಸ ಎಂಬ ಅರ್ಥ ಪಡೆದಿದೆ. ಮೈಯ ಅಭ್ಯಾಸಕ್ಕೂ ಪುಸ್ತಕದ ಓದಿಗೂ ಒಂದೇ ಪದ ಸಾಕಾಗಿದೆ. ಈ ಕೋರ್ಸಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗಲಾರದು ಎಂದು ನನಗೆ ಅನ್ನಿಸುತ್ತದೆ.

ಲಂಡನ್ ಬಸ್ಸಿನ ಇಬ್ಬರು ನೌಕರರು

ಈ ವಿಷಯದ ಪಠ್ಯಗಳಲ್ಲಿ ತಪ್ಪದೆ ಬರುವ ಒಂದು ಅಧ್ಯಯನವನ್ನು ಸ್ವಲ್ಪ ವಿವರವಾಗಿ ನೋಡೋಣ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಹೃದಯಾಘಾತದಿಂದ ಸಾಯುವ ಗಂಡಸರ ಸಂಖ್ಯೆ ಏರುತ್ತಿತ್ತು. ಕಾರಣ ಗೊತ್ತಿರಲಿಲ್ಲ. ಜೆರ್ರಿ ಮಾರಿಸ್ ಎಂಬ ವೈದ್ಯರು ಇದಕ್ಕೂ ಜನ ಮಾಡುವ ಕೆಲಸಕ್ಕೂ ಸಂಬಂಧ ಇರಬಹುದೇ ಎಂದು ಯೋಚಿಸಿ, ಬೇರೆ ಬೇರೆ ಉದ್ಯೋಗಗಳ ದಾಖಲೆಗಳನ್ನು ತರಿಸಿಕೊಂಡರು. ಅದರಲ್ಲಿ ಲಂಡನ್ ಸಾರಿಗೆ ಸಂಸ್ಥೆಯ ನೌಕರರೂ ಇದ್ದರು: 35ರಿಂದ 64 ವರ್ಷದ ಸುಮಾರು 31 ಸಾವಿರ ಗಂಡಸರು.

ಲಂಡನ್ನಿನ ಬಸ್ಸು ಎರಡು ಅಂತಸ್ತಿನದು. ಡ್ರೈವರ್ ತನ್ನ ಪಾಳಿಯ ಹೆಚ್ಚಿನ ಹೊತ್ತು ಕೂತೇ ಇರುತ್ತಾನೆ. ಆಗಿನ ಕಂಡಕ್ಟರ್ ಟಿಕೆಟ್ ಕೊಡಲು ಮೇಲೆ ಕೆಳಗೆ ಓಡಾಡುತ್ತಿದ್ದ. ಒಂದು ಪಾಳಿಯಲ್ಲಿ ಅವನು ಹತ್ತುತ್ತಿದ್ದ ಮೆಟ್ಟಿಲು 500ರಿಂದ 750. ಹೋಲಿಕೆಗೆ ಬೇಕೆಂದರೆ, ನಮ್ಮ ಕಾಲೇಜಿನಲ್ಲಿ ಎರಡನೇ ಮಹಡಿಗೆ 44 ಮೆಟ್ಟಿಲು. ದಿನಕ್ಕೆ ನಾಲ್ಕು ಸಲ ಹತ್ತಿದರೂ 176 ಆಗುತ್ತದೆ, ಅಷ್ಟೆ.

ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಹೊಗೆ ಕುಡಿಯುತ್ತ, ಒಂದೇ ಸಂಸ್ಥೆಯ ಕೆಳಗೆ ದುಡಿಯುವವರು. ಸಂಬಳದಲ್ಲೂ ಮನೆಯ ಸ್ಥಿತಿಯಲ್ಲೂ ದೊಡ್ಡ ಅಂತರ ಇಲ್ಲ. ಮುಖ್ಯ ವ್ಯತ್ಯಾಸ ಎಂದರೆ ಒಬ್ಬ ಕೂರುತ್ತಾನೆ, ಇನ್ನೊಬ್ಬ ಹತ್ತಿಳಿಯುತ್ತಾನೆ. 1953ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ವರ್ಷಕ್ಕೆ ಸಾವಿರ ಡ್ರೈವರುಗಳಲ್ಲಿ 2.7 ಜನಕ್ಕೆ ಹೃದಯದ ರಕ್ತನಾಳದ ಕಾಯಿಲೆ ಕಾಣಿಸಿಕೊಂಡರೆ, ಸಾವಿರ ಕಂಡಕ್ಟರುಗಳಲ್ಲಿ 1.9 ಜನಕ್ಕೆ. ಭಾಗಿಸಿ ನೋಡಿ: ಕಂಡಕ್ಟರಿಗೆ ಅಪಾಯ ಸುಮಾರು ಶೇ. 30ರಷ್ಟು ಕಡಿಮೆ.

ಈ ಸಂಖ್ಯೆ ಮಾರಿಸ್‌ ಅವರಿಗೆ ಮೊದಲು ಕಂಡದ್ದು 1949ರಲ್ಲೇ. ಆದರೂ ಅವರು ತಕ್ಷಣ ಪ್ರಕಟಿಸಲಿಲ್ಲ. ಅಂಚೆ ಇಲಾಖೆಯನ್ನೂ ನೋಡಿದರು. ನಡೆದು, ಸೈಕಲ್ ತುಳಿದು ಪತ್ರ ಹಂಚುವ ಪೋಸ್ಟ್‌ಮನ್‌ಗಳಿಗೂ ಕೂತು ಕೆಲಸ ಮಾಡುವ ಗುಮಾಸ್ತರಿಗೂ ಇದೇ ರೀತಿಯ ವ್ಯತ್ಯಾಸ ಸಿಕ್ಕಿತು. ಆಮೇಲೆಯೇ ಬರೆದದ್ದು. ಒಂದು ಲೆಡ್ಜರಿನ ಮೊತ್ತವನ್ನು ಇನ್ನೊಂದರ ಜೊತೆ ತಾಳೆ ನೋಡದೆ ಸಹಿ ಹಾಕಬಾರದು ಎಂದು ನಮಗೆ ಅಕೌಂಟೆನ್ಸಿಯಲ್ಲಿ ಹೇಳುವುದಿಲ್ಲವೇ, ಅದೇ ಶಿಸ್ತು.

ಇಲ್ಲೊಂದು ಸಂಶಯ ಬರುತ್ತದೆ. ಡ್ರೈವರ್ ಕೆಲಸಕ್ಕೆ ಸೇರುವಾಗಲೇ ದಪ್ಪ ಇದ್ದವನಾಗಿದ್ದರೆ? ಮೊದಲೇ ಸೋಮಾರಿಯಾಗಿದ್ದವನು ಕೂರುವ ಕೆಲಸ ಆರಿಸಿಕೊಂಡಿದ್ದರೆ? ಆಗ ಕೂತದ್ದಕ್ಕೆ ಕಾಯಿಲೆ ಬಂತು ಎನ್ನುವುದು ಹೇಗೆ? ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಆರಂಭಿಕ ಶಿಲ್ಕಿನ ಪ್ರಶ್ನೆ. ವರ್ಷದ ಕೊನೆಯ ಬಾಕಿ ನೋಡಿ ವ್ಯಾಪಾರ ನಷ್ಟದಲ್ಲಿತ್ತು ಎನ್ನುವ ಮೊದಲು, ಅವನು ಎಷ್ಟರಿಂದ ಶುರು ಮಾಡಿದ ಎಂದು ಕೇಳಬೇಕು.

ಮಾರಿಸ್ ಅದಕ್ಕೆ ಹುಡುಕಿದ ದಾಖಲೆ ನನಗೆ ತುಂಬ ಇಷ್ಟವಾಯಿತು, ಏಕೆಂದರೆ ನನ್ನ ಅಬ್ಬು ಟೈಲರ್. ಅವರು ನೋಡಿದ್ದು ಸಮವಸ್ತ್ರದ ಅಳತೆಗಳನ್ನು. ಸಾರಿಗೆ ಸಂಸ್ಥೆ ನೌಕರರಿಗೆ ಪ್ಯಾಂಟು ಹೊಲಿಸಿಕೊಡುತ್ತಿತ್ತು. ಹಾಗಾಗಿ ಪ್ರತಿಯೊಬ್ಬನ ಸೊಂಟದ ಸುತ್ತಳತೆ ದಾಖಲೆಯಲ್ಲಿತ್ತು. 1956ರಲ್ಲಿ ಪ್ರಕಟವಾದ ಈ ಲೆಕ್ಕದಲ್ಲಿ ಎರಡು ವಿಷಯ ಹೊರಬಂದವು. ಒಂದು, ಡ್ರೈವರುಗಳ ಸೊಂಟ ನಿಜಕ್ಕೂ ಹೆಚ್ಚು ದಪ್ಪ. ಸಂಶಯ ಪೂರ್ತಿ ಸುಳ್ಳಲ್ಲ. ಎರಡು, ಸಣ್ಣ ಸೊಂಟದವರನ್ನು ಸಣ್ಣ ಸೊಂಟದವರ ಜೊತೆ, ದಪ್ಪ ಇದ್ದವರನ್ನು ದಪ್ಪ ಇದ್ದವರ ಜೊತೆ ಇಟ್ಟು ನೋಡಿದರೂ ಕಂಡಕ್ಟರಿಗೇ ಅಪಾಯ ಕಡಿಮೆ. ಅಂದರೆ ಚಲನೆಯ ಲಾಭ ತೆಳ್ಳಗಾಗುವುದರಲ್ಲಿ ಮಾತ್ರ ಇಲ್ಲ. ತೂಕ ಇಳಿಯಲಿಲ್ಲ ಎಂದು ವಾಕಿಂಗ್ ಬಿಟ್ಟುಬಿಡುವವರು ನಮ್ಮ ಬೀದಿಯಲ್ಲೇ ನಾಲ್ಕು ಜನ ಇದ್ದಾರೆ. ಅವರಿಗೆ ಈ ಪ್ಯಾಂಟಿನ ಲೆಕ್ಕ ತೋರಿಸಬೇಕು.

ಅಬ್ಬುವಿಗೆ ಇದನ್ನು ಓದಿ ಹೇಳಿದಾಗ ಅವರು ತಮ್ಮ ಅಳತೆಯ ಹಳೆಯ ಪುಸ್ತಕಗಳ ಕಡೆ ಒಂದು ಸಲ ನೋಡಿ, “ಹಾಗಾದರೆ ಇವನ್ನು ರದ್ದಿಗೆ ಹಾಕಬಾರದು” ಎಂದರು.

ಈ 31 ಸಾವಿರದಲ್ಲಿ ಒಬ್ಬ ಹೆಂಗಸೂ ಇಲ್ಲ ಎಂಬುದನ್ನು ಮಾತ್ರ ಇಲ್ಲಿಯೇ ಗುರುತು ಹಾಕಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಬಿಸಿನೆಸ್ ಸ್ಕೂಲಿನ ನೆಲಮಾಳಿಗೆ

ವಾಣಿಜ್ಯದವರಿಗೆ ಇಲ್ಲೇನು ಕೆಲಸ ಎಂದು ಕೇಳುವವರಿಗೆ ಇನ್ನೊಂದು ಸಂಗತಿ. ಅಮೆರಿಕದಲ್ಲಿ ಈ ಓದಿಗೆ ತಳಪಾಯ ಹಾಕಿದ ಪ್ರಯೋಗಾಲಯ ‘ಹಾರ್ವರ್ಡ್ ಫಟೀಗ್ ಲ್ಯಾಬೊರೇಟರಿ’. ಆಯಾಸವನ್ನು ಅಧ್ಯಯನ ಮಾಡುವ ಪ್ರಯೋಗಾಲಯ. ಅದು 1927ರಲ್ಲಿ ಶುರುವಾದದ್ದು ವೈದ್ಯಕೀಯ ಕಾಲೇಜಿನಲ್ಲಲ್ಲ, ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ! ಕಾರ್ಖಾನೆಯ ಕೆಲಸಗಾರ ಏಕೆ ದಣಿಯುತ್ತಾನೆ ಎಂಬುದು ವ್ಯವಹಾರ ಓದುವವರಿಗೆ ಗೊತ್ತಿರಬೇಕು ಎಂಬುದು ಅದರ ಹಿಂದಿನ ಯೋಚನೆ. ಅಲ್ಲಿನವರು ಹೂವರ್ ಅಣೆಕಟ್ಟಿನ ಹತ್ತಿರ ಸುಡುವ ಬಿಸಿಲಿನಲ್ಲಿ ಅಧ್ಯಯನ ನಡೆಸಿದರು, ಚಿಲಿ ದೇಶದ ಎತ್ತರದ ಬೆಟ್ಟಗಳಿಗೆ ಹೋಗಿ ಕಡಿಮೆ ಗಾಳಿಯಲ್ಲಿ ದೇಹ ಹೇಗೆ ಹೊಂದಿಕೊಳ್ಳುತ್ತದೆ ಎಂದು ನೋಡಿದರು. 1947ರಲ್ಲಿ ಪ್ರಯೋಗಾಲಯ ಮುಚ್ಚಿತು. ಅಲ್ಲಿ ಕಲಿತವರು ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಹೋಗಿ ಈ ವಿಷಯವನ್ನು ಬೆಳೆಸಿದರು.

ಆ ನೆಲಮಾಳಿಗೆಯಿಂದ ಬಂದ ಒಂದು ಪರೀಕ್ಷೆ ಇಂದಿಗೂ ದೈಹಿಕ ಶಿಕ್ಷಣ ಓದುವವರ ನೋಟ್ಸಿನಲ್ಲಿದೆ: ಹಾರ್ವರ್ಡ್ ಸ್ಟೆಪ್ ಟೆಸ್ಟ್. 20 ಇಂಚು ಎತ್ತರದ ಬೆಂಚನ್ನು ನಿಮಿಷಕ್ಕೆ 30 ಸಲದಂತೆ ಐದು ನಿಮಿಷ ಹತ್ತಿಳಿಯಬೇಕು. ನಿಲ್ಲಿಸಿ ಕೂತ ಮೇಲೆ ಒಂದನೇ, ಎರಡನೇ, ಮೂರನೇ ನಿಮಿಷ ಮುಗಿದಾಗ ಒಂದೊಂದು ಸಲ ಅರ್ಧ ನಿಮಿಷದ ನಾಡಿ ಎಣಿಸಬೇಕು. ಸೂತ್ರ ಸುಲಭ: ಹತ್ತಿಳಿದ ಸೆಕೆಂಡುಗಳನ್ನು 100ರಿಂದ ಗುಣಿಸಿ, ಮೂರು ನಾಡಿ ಎಣಿಕೆಗಳ ಮೊತ್ತದ ಎರಡರಷ್ಟರಿಂದ ಭಾಗಿಸಿ. ಐದೂ ನಿಮಿಷ ಪೂರೈಸಿದ ಒಬ್ಬರ ನಾಡಿ 75, 65, 55 ಎಂದಿಟ್ಟುಕೊಳ್ಳೋಣ. ಮೊತ್ತ 195. ಆಗ 30,000 ಭಾಗಿಸು 390, ಅಂದರೆ ಸುಮಾರು 77. ತೊಂಬತ್ತರ ಮೇಲೆ ಬಂದರೆ ಅತ್ಯುತ್ತಮ, 55ಕ್ಕಿಂತ ಕೆಳಗೆ ಬಂದರೆ ದುರ್ಬಲ ಎಂದು ಲೆಕ್ಕ.

ಗಮನಿಸಿ, ಇಲ್ಲಿ ನೋಡುವುದು ಹೃದಯ ಎಷ್ಟು ಜೋರಾಗಿ ಬಡಿಯಿತು ಎಂದಲ್ಲ. ಎಷ್ಟು ಬೇಗ ಶಾಂತವಾಯಿತು ಎಂದು. ಇನ್ನೊಂದು ಮಾತು: ಎದೆನೋವು, ಉಬ್ಬಸ, ಮಂಡಿನೋವು, ತಲೆಸುತ್ತು ಇರುವವರು ಇದನ್ನು ಆಟಕ್ಕೂ ಮಾಡಬಾರದು. ಈ ಕೋರ್ಸಿನಲ್ಲಿ ಮೊದಲು ಕಲಿಸುವುದೇ ಯಾರನ್ನು ಪರೀಕ್ಷೆಗೆ ನಿಲ್ಲಿಸಬಾರದು ಎಂಬುದನ್ನು. ಅದಕ್ಕೆ ಹೌದು-ಇಲ್ಲ ಎಂದು ಉತ್ತರಿಸುವ ಪ್ರಶ್ನಾವಳಿ ಇದೆ. ಒಂದು ‘ಹೌದು’ ಬಂದರೂ ಹೆಚ್ಚಿನ ವಿಚಾರಣೆ ಆಗದೆ ಮುಂದೆ ಹೋಗುವಂತಿಲ್ಲ.

ಅಳೆಯುವುದು ಹೇಗೆ

ಎರಡು ವರ್ಷದ ಓದಿನಲ್ಲಿ ದೊಡ್ಡ ಪಾಲು ಅಳತೆಗೆ ಹೋಗುತ್ತದೆ. ಬ್ರಿಟನ್ನಿನ ಎ. ವಿ. ಹಿಲ್ ಎಂಬ ವಿಜ್ಞಾನಿ (1922ರ ನೊಬೆಲ್ ಇವರಿಗೂ ಓಟೋ ಮೇಯರ್‌ಹಾಫ್ ಅವರಿಗೂ ಹಂಚಿಕೆಯಾಗಿತ್ತು) ಬೆನ್ನಿಗೆ ಗಾಳಿಚೀಲ ಕಟ್ಟಿಕೊಂಡು ತಾವೇ ಓಡಿ, ಹೊರಬಿಟ್ಟ ಉಸಿರನ್ನು ಹಿಡಿದು ಅಳೆದರು. ವೇಗ ಹೆಚ್ಚಿಸುತ್ತ ಹೋದಂತೆ ದೇಹ ಬಳಸುವ ಆಮ್ಲಜನಕವೂ ಹೆಚ್ಚುತ್ತದೆ. ಒಂದು ಹಂತದ ನಂತರ ಎಷ್ಟು ಒದ್ದಾಡಿದರೂ ಹೆಚ್ಚುವುದಿಲ್ಲ. ಆ ಮಿತಿಗೆ ‘ವಿಓಟು ಮ್ಯಾಕ್ಸ್’ ಎನ್ನುತ್ತಾರೆ. ಕ್ರಿಕೆಟ್ ಆಟಗಾರರ ಫಿಟ್‌ನೆಸ್ ಸುದ್ದಿಯಲ್ಲಿ ಕೇಳುವ ಪದ ಇದೇ.

ಸಾಮಾನ್ಯ ಜನರಿಗೆ ಅಷ್ಟು ಯಂತ್ರ ಬೇಡ. ಅವರಿಗೆ ‘ಮೆಟ್’ ಎಂಬ ಅಳತೆ ಸಾಕು. ಸುಮ್ಮನೆ ಕೂತಾಗ ದೇಹ ಮಾಡುವ ಖರ್ಚು ಒಂದು ಮೆಟ್. ಅಂದಾಜಿಗೆ ಒಂದು ಕಿಲೋ ತೂಕಕ್ಕೆ ಗಂಟೆಗೆ ಒಂದು ಕಿಲೋಕ್ಯಾಲರಿ. ಅಡುಗೆ ಮಾಡುವುದು ಸುಮಾರು 2, ನೆಲ ಗುಡಿಸುವುದು 3ರ ಆಸುಪಾಸು, ಚುರುಕು ನಡಿಗೆ 4ಕ್ಕೆ ಹತ್ತಿರ. ಮೂರರಿಂದ ಆರರ ಒಳಗಿದ್ದರೆ ಅದು ‘ಮಧ್ಯಮ’ ಚಟುವಟಿಕೆ. 60 ಕಿಲೋ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ 4 × 60 × ½ = 120 ಕಿಲೋಕ್ಯಾಲರಿ. ಎರಡು ಬಿಸ್ಕತ್ತು ಹೆಚ್ಚು ತಿಂದರೆ ಆ ಖರ್ಚು ವಾಪಸ್ ಜಮಾ ಆಗಿಬಿಡುತ್ತದೆ. ಆದರೆ ಪ್ಯಾಂಟಿನ ಲೆಕ್ಕ ಹೇಳಿದಂತೆ ನಡಿಗೆಯ ಲಾಭ ಕ್ಯಾಲರಿಯಲ್ಲಿ ಮುಗಿಯುವುದಿಲ್ಲ.

ಅಬ್ಬುವಿನ ಅಂಗಡಿಯ ಹೊಲಿಗೆ ಯಂತ್ರಕ್ಕೆ ಮೊದಲು ಕಾಲಿನಿಂದ ತುಳಿಯುವ ಪೆಡಲ್ ಇತ್ತು. ಈಗ ಮೋಟಾರ್ ಕೂಡಿಸಿದ್ದಾರೆ. ಕೆಲಸ ಬೇಗ ಆಗುತ್ತದೆ, ಕಾಲು ಮಾತ್ರ ಇಡೀ ದಿನ ನಿಂತೇ ಇರುತ್ತದೆ. ಹಿಟ್ಟಿನ ಗಿರಣಿ, ಮಿಕ್ಸಿ, ಸ್ಕೂಟರ್, ಲಿಫ್ಟ್ ಎಲ್ಲವೂ ಹೀಗೇ ನಮ್ಮ ಮೆಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಕಡಿತ ಮಾಡಿವೆ. ಅವನ್ನೆಲ್ಲ ಬಿಡಬೇಕು ಎಂದು ನಾನು ಹೇಳುವುದಿಲ್ಲ. ಒರಳಿನಲ್ಲಿ ರುಬ್ಬಿದ ದಾದಿಗೆ ಮಿಕ್ಸಿ ಬೇಡ ಎನ್ನುವ ಧೈರ್ಯ ಯಾರಿಗಿದೆ?

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚಟುವಟಿಕೆ ಬೇಕು, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. 5ರಿಂದ 17 ವರ್ಷದವರಿಗೆ, ಅಂದರೆ ನಮಗೆ, ದಿನಕ್ಕೆ ಸರಾಸರಿ 60 ನಿಮಿಷ. ಪರೀಕ್ಷೆ ಹತ್ತಿರ ಬಂದಾಗ ಆಟದ ಅವಧಿಯನ್ನು ಪೋರ್ಷನ್ ಮುಗಿಸಲು ಕೇಳಿಕೊಳ್ಳುವ ಉಪನ್ಯಾಸಕರು ಈ ಸಾಲನ್ನು ಓದಿ ನನ್ನನ್ನು ಕ್ಷಮಿಸಬೇಕು.

ಮಧ್ಯಮ ಎಂದು ಗೊತ್ತಾಗುವುದು ಹೇಗೆ? ಸ್ವೀಡನ್ನಿನ ಗುನ್ನಾರ್ ಬೋರ್ಗ್ ಇದಕ್ಕೆ ಒಂದು ಮಾಪಕ ಮಾಡಿದರು. ಎಷ್ಟು ಕಷ್ಟ ಅನ್ನಿಸುತ್ತಿದೆ ಎಂದು ನಾವೇ 6ರಿಂದ 20ರೊಳಗೆ ಅಂಕ ಕೊಡಬೇಕು. ಒಂದರಿಂದ ಶುರು ಮಾಡದೆ ಆರರಿಂದ ಏಕೆ ಎಂದು ನನಗೆ ವಿಚಿತ್ರ ಅನ್ನಿಸಿತ್ತು. ಕಾರಣ ಇಷ್ಟೆ: ಅಂಕಕ್ಕೆ ಒಂದು ಸೊನ್ನೆ ಸೇರಿಸಿದರೆ ಆರೋಗ್ಯವಂತ ಯುವಕರ ನಾಡಿಮಿಡಿತ ಅಂದಾಜಾಗಿ ಸಿಗುತ್ತದೆ, 6ಕ್ಕೆ 60, 20ಕ್ಕೆ 200. ಇನ್ನೂ ಸುಲಭದ್ದು ಮಾತಿನ ಪರೀಕ್ಷೆ. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದು ಮಧ್ಯಮ. ಹೆಜ್ಜೆ ಎಣಿಸುವವರಿಗೆ ನಿಮಿಷಕ್ಕೆ ಸುಮಾರು 100 ಹೆಜ್ಜೆ.

ಚೆನ್ನೈನ 531 ಜನ

ಇದೆಲ್ಲ ಇಂಗ್ಲೆಂಡ್, ಅಮೆರಿಕದ ಮಾತಾಯಿತು. ನಮ್ಮ ನೆರೆಯ ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ, ಇನ್ನೂ ಕಾಯಿಲೆ ಬಂದಿರದ 531 ಜನರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಸಾಮಾನ್ಯ ಸಲಹೆ ಮಾತ್ರ. ಇನ್ನೊಂದಕ್ಕೆ ಊಟದ ಬದಲಾವಣೆ ಮತ್ತು ದಿನಾ ಕನಿಷ್ಠ ಅರ್ಧ ಗಂಟೆ ಚುರುಕು ನಡಿಗೆ, ಮೇಲಿಂದ ಮೇಲೆ ವಿಚಾರಣೆ. ಮೂರನೆಯದಕ್ಕೆ ಮೆಟ್‌ಫಾರ್ಮಿನ್ ಮಾತ್ರೆ. ನಾಲ್ಕನೆಯದಕ್ಕೆ ಎರಡೂ.

ಮೂರು ವರ್ಷದ ಲೆಕ್ಕದಲ್ಲಿ ಸಲಹೆ ಮಾತ್ರ ಪಡೆದವರಲ್ಲಿ ಶೇ. 55 ಜನಕ್ಕೆ ಕಾಯಿಲೆ ಬಂತು. ನಡಿಗೆ ಮತ್ತು ಊಟದ ಗುಂಪಿನಲ್ಲಿ ಶೇ. 39.3. ಮಾತ್ರೆಯ ಗುಂಪಿನಲ್ಲಿ ಶೇ. 40.5. ಎರಡೂ ಇದ್ದವರಲ್ಲಿ ಶೇ. 39.5. ನಡಿಗೆ ಮಾತ್ರೆಯ ಸಮಕ್ಕೆ ನಿಂತಿತು. ಎರಡನ್ನೂ ಸೇರಿಸಿದರೂ ಹೆಚ್ಚಿನ ಲಾಭ ಬರಲಿಲ್ಲ.

ಈಗ ವಾಣಿಜ್ಯದವರ ಪ್ರಶ್ನೆ: ಒಬ್ಬರಿಗೆ ಕಾಯಿಲೆ ತಪ್ಪಿಸಲು ಎಷ್ಟು ಜನರ ಜೊತೆ ಕೆಲಸ ಮಾಡಬೇಕು? 55ರಿಂದ 39.3 ಕಳೆದರೆ 15.7. ನೂರು ಜನರಲ್ಲಿ 15.7 ಜನ ಉಳಿದರು. 100 ಭಾಗಿಸು 15.7, ಅಂದರೆ 6.4. ಆರೇಳು ಜನರನ್ನು ಮೂರು ವರ್ಷ ನಡೆಸಿದರೆ ಒಬ್ಬರು ಆ ಅವಧಿಯಲ್ಲಿ ಸಕ್ಕರೆ ಕಾಯಿಲೆಯಿಂದ ದೂರ ಉಳಿಯುತ್ತಾರೆ. ಯಾವ ಬಂಡವಾಳ ಹೂಡಿಕೆಗೆ ಇಂಥ ಪ್ರತಿಫಲ ಇದೆ? ಭಾರತದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಹೇಳಿತು. 13.6 ಕೋಟಿಯನ್ನು 6.4ರಿಂದ ಭಾಗಿಸಿ ಉತ್ತರ ಬರೆಯುವ ಆಸೆ ನನಗೂ ಆಯಿತು. ಆದರೆ 531 ಜನರ ಫಲಿತಾಂಶವನ್ನು ಕೋಟಿಗಳ ಮೇಲೆ ಹಾಗೆ ಹೊರಿಸಬಾರದು. ಆ 531ರಲ್ಲಿ ಹೆಂಗಸರು 110 ಮಾತ್ರ. ಐವರಲ್ಲಿ ಒಬ್ಬರು.

‘ವಾಕಿಂಗ್ ಮಾಡಿ’ ಎಂದು ಬರೆದರೆ ಸಾಲದು

ಹೆಸರಿನ ಎರಡನೇ ಭಾಗ, ಆರೋಗ್ಯ ಸಂವರ್ಧನೆ, ಇಲ್ಲಿಂದ ಶುರುವಾಗುತ್ತದೆ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೂ ಸೇರಿ ಪ್ರಕಟಿಸಿದ ಅಂದಾಜಿನಂತೆ ಭಾರತದ ದೊಡ್ಡವರಲ್ಲಿ ಸುಮಾರು ಅರ್ಧ ಜನ ಬೇಕಾದಷ್ಟು ಚಲಿಸುವುದಿಲ್ಲ. ಬಿಡಿಸಿ ನೋಡಿದರೆ ಗಂಡಸರು ಶೇ. 42, ಹೆಂಗಸರು ಶೇ. 57. ನಮ್ಮ ಮನೆಗಳಲ್ಲಿ ಎಲ್ಲರಿಗಿಂತ ಮೊದಲು ಎದ್ದು ಕೊನೆಗೆ ಮಲಗುವವರು ಹೆಂಗಸರು. ಹಾಗಿದ್ದೂ ಲೆಕ್ಕದಲ್ಲಿ ಹಿಂದೆ! ದಿನದ ಕೆಲಸದಲ್ಲಿ ಬಹಳಷ್ಟು ನಿಂತು ಮಾಡುವ, 2 ಮೆಟ್‌ನ ಕೆಲಸ. ದಣಿವು ಕೊಡುತ್ತದೆ, ಉಸಿರು ಏರಿಸುವುದಿಲ್ಲ.

ಅಮ್ಮಿಗೆ ಶುಗರ್ ಇದೆ. ಡಾಕ್ಟರು ಚೀಟಿಯ ಕೊನೆಯಲ್ಲಿ ‘ವಾಕಿಂಗ್’ ಎಂದು ಒಂದು ಪದ ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಮಾತ್ರೆಗೆ ಬೆಳಿಗ್ಗೆ ಎಷ್ಟು, ರಾತ್ರಿ ಎಷ್ಟು, ಊಟದ ಮೊದಲೋ ಆಮೇಲೋ ಎಲ್ಲ ಇದೆ. ವಾಕಿಂಗಿಗೆ ಏನೂ ಇಲ್ಲ. “ಹೇಳೋದು ಸುಲಭ ಬೇಟಿ, ನಡೆಯೋದು ಎಲ್ಲಿ?” ಎಂದು ಅಮ್ಮಿ ಕೇಳುತ್ತಾರೆ. ನಮ್ಮ ಗಲ್ಲಿಯಲ್ಲಿ ಫುಟ್‌ಪಾತ್ ಇಲ್ಲ, ನಾಯಿಗಳಿವೆ, ಮಗ್ರಿಬ್ ನಂತರ ಬೀದಿದೀಪ ಇದ್ದರೆ ಇತ್ತು. ಪಾರ್ಕಿಗೆ ಹೋಗಬೇಕೆಂದರೆ ದೊಡ್ಡ ರಸ್ತೆ ದಾಟಬೇಕು. ಬೆಳಗಿನ ಹೊತ್ತು ಪಾರ್ಕ್ ತುಂಬ ಗಂಡಸರು.

ವ್ಯಾಯಾಮ ವಿಜ್ಞಾನ ಓದಿದವರು ಚೀಟಿಯಲ್ಲಿ ನಾಲ್ಕು ವಿಷಯ ತುಂಬಿಸುತ್ತಾರೆ: ವಾರಕ್ಕೆ ಎಷ್ಟು ದಿನ, ಎಷ್ಟು ಬಿರುಸು, ಎಷ್ಟು ಹೊತ್ತು, ಯಾವ ಬಗೆ. ಆರೋಗ್ಯ ಸಂವರ್ಧನೆ ಓದಿದವರು ಐದನೆಯದನ್ನು ಕೇಳುತ್ತಾರೆ: ಎಲ್ಲಿ, ಯಾರ ಜೊತೆ, ಯಾವ ಹೊತ್ತಿನಲ್ಲಿ ಇದು ಆಗುತ್ತದೆ? ನಮ್ಮ ಮನೆಗೆ ಸಿಕ್ಕ ಉತ್ತರ ಟೆರೇಸ್. ಒಂದು ತುದಿಯಿಂದ ಇನ್ನೊಂದಕ್ಕೆ ಅಮ್ಮಿಯ 22 ಹೆಜ್ಜೆ. ನಿಮಿಷಕ್ಕೆ ನೂರು ಹೆಜ್ಜೆಯಾದರೆ ಹತ್ತು ನಿಮಿಷಕ್ಕೆ ಸುಮಾರು 45 ಸಲ. ಅಸರ್ ನಂತರ ಹತ್ತು, ರಾತ್ರಿ ಊಟದ ಮೇಲೆ ಹತ್ತು ಎಂದು ಡಾಕ್ಟರಿಗೆ ತೋರಿಸಿ ಒಪ್ಪಿಸಿದ್ದೇವೆ. ಮಾತ್ರೆ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಸಕ್ಕರೆ ತೀರ ಇಳಿಯಬಹುದು ಎಂಬ ಕಾರಣಕ್ಕೆ ಕೈಗೆ ಸಿಗುವಂತೆ ಒಂದು ಸಿಹಿ ಇರುತ್ತದೆ. ವಾರಕ್ಕೆ ಏಳು ದಿನವೂ ಆದರೆ 140 ನಿಮಿಷ. ಏಳು ದಿನವೂ ಆಗುವುದಿಲ್ಲ. ಪಕ್ಕದ ಮನೆಯ ಖಾಲಾ ಬಂದ ದಿನ ಹತ್ತು ನಿಮಿಷ ಹದಿನೈದಾಗುತ್ತದೆ. ಮಾತಿನ ಪರೀಕ್ಷೆಯಂತೂ ಬೇಕಾಗೇ ಇಲ್ಲ.

ಖಾಲಾ ಬಂದರೆ ಸಮಯ ಹೆಚ್ಚುತ್ತದೆ ಎಂಬುದು ನಮ್ಮ ಮನೆಯ ತಮಾಷೆ ಅಲ್ಲ, ಈ ಓದಿನ ಒಂದು ಅಧ್ಯಾಯ. ಜೊತೆಯವರ ಬೆಂಬಲ, ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆ, ಮನಸ್ಸು ಮಾಡುವ ಹಂತಗಳು ಇವನ್ನೆಲ್ಲ ಮನಃಶಾಸ್ತ್ರದಿಂದ ತಂದು ಕಲಿಸುತ್ತಾರೆ. ಯೋಚನೆಯನ್ನೇ ಮಾಡದವರು, ಯೋಚಿಸುತ್ತಿರುವವರು, ತಯಾರಾದವರು, ಶುರು ಮಾಡಿದವರು, ಉಳಿಸಿಕೊಂಡವರು ಎಂದು ಜನರನ್ನು ಗುರುತಿಸುವ ಕ್ರಮ ಇದೆ. ಇದನ್ನು ಪ್ರೊಚಾಸ್ಕ ಮತ್ತು ಡಿಕ್ಲೆಮೆಂಟೆ ಎಂಬವರು ಮೊದಲು ಸಿಗರೇಟು ಬಿಡುವವರನ್ನು ನೋಡಿ ಮಾಡಿದ್ದು. ಯೋಚಿಸುತ್ತಿರುವವರಿಗೆ ಬೂಟು ಕೊಡಿಸಿ ಪ್ರಯೋಜನವಿಲ್ಲ, ಶುರು ಮಾಡಿದವರಿಗೆ ಭಾಷಣ ಮಾಡಿ ಪ್ರಯೋಜನವಿಲ್ಲ.

ಎಲ್ಲವನ್ನೂ ವ್ಯಕ್ತಿಯ ಮೇಲೆ ಹೊರಿಸಿ ‘ಸೋಮಾರಿ’ ಎಂದು ಬಿಡುವುದಕ್ಕೆ ಈ ಓದು ಒಪ್ಪುವುದಿಲ್ಲ. 1986ರ ನವೆಂಬರಿನಲ್ಲಿ ಕೆನಡಾದ ಒಟ್ಟಾವಾದಲ್ಲಿ ಆರೋಗ್ಯ ಸಂವರ್ಧನೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಲ್ಲಿ ಒಪ್ಪಿದ ಸನ್ನದು ಐದು ಕಡೆ ಕೆಲಸ ಆಗಬೇಕು ಎಂದಿತು: ಸರ್ಕಾರದ ನೀತಿ, ಸುತ್ತಲಿನ ಪರಿಸರ, ಸಮುದಾಯದ ಶಕ್ತಿ, ವ್ಯಕ್ತಿಯ ಕೌಶಲ, ಆರೋಗ್ಯ ಸೇವೆಯ ದಿಕ್ಕು. ಐದರಲ್ಲಿ ವ್ಯಕ್ತಿಗೆ ಸಿಕ್ಕಿದ್ದು ಒಂದೇ ಜಾಗ.

ಕೊಲಂಬಿಯಾದ ಬೊಗೋಟಾ ನಗರ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ 1974ರಿಂದ ಬಂದ ಒಂದು ಪದ್ಧತಿಯಂತೆ ಭಾನುವಾರ ಮತ್ತು ರಜಾದಿನ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ರಸ್ತೆಯಲ್ಲಿ ಮೋಟಾರು ವಾಹನ ಬಿಡುವುದಿಲ್ಲ. ಸೈಕಲ್ಲಿನವರು, ಮಕ್ಕಳು, ಮುದುಕರು ಎಲ್ಲ ರಸ್ತೆಗೆ ಬರುತ್ತಾರೆ. ಅದರ ಹೆಸರು ಸಿಕ್ಲೋವಿಯ. 2012ರ ಒಂದು ಅಧ್ಯಯನ ಖರ್ಚು-ಲಾಭ ಕೂಡಿಸಿ ನೋಡಿತು: ಬಳಸುವವರ ತಲಾ ಖರ್ಚು ವರ್ಷಕ್ಕೆ ಸುಮಾರು 6 ಡಾಲರ್, ಹಾಕಿದ ಒಂದು ಡಾಲರಿಗೆ ಚಿಕಿತ್ಸೆಯ ಖರ್ಚಿನಲ್ಲಿ ಮೂರು ಡಾಲರಿಗೂ ಹೆಚ್ಚು ಉಳಿತಾಯ. ರಸ್ತೆ ಹೊಸದಾಗಿ ಹಾಕಿಲ್ಲ. ಇದ್ದ ರಸ್ತೆಯ ವೇಳಾಪಟ್ಟಿ ಬದಲಾಯಿಸಿದರು.

ಇಂಥ ಕಾರ್ಯಕ್ರಮವನ್ನು ಲೆಕ್ಕಪರಿಶೋಧನೆ ಮಾಡುವ ಕ್ರಮವೂ ಪಠ್ಯದಲ್ಲಿದೆ. ಮೊದಲ ಪ್ರಶ್ನೆ ‘ಎಷ್ಟು ಜನರನ್ನು ತಲುಪಿತು?’ 2000 ಜನರ ಬಡಾವಣೆಯಲ್ಲಿ ಶಿಬಿರಕ್ಕೆ 50 ಜನ ಬಂದು ಎಲ್ಲರ ತೂಕ ಇಳಿದರೂ ತಲುಪಿದ್ದು ಶೇ. 2.5. ಬಂದ ಐವತ್ತರ ಫೋಟೋ ಪೇಪರಿನಲ್ಲಿ ಬರುತ್ತದೆ. ಬಾರದ 1950 ಜನ ಯಾರು, ಅವರಲ್ಲಿ ಹೆಂಗಸರೆಷ್ಟು, ಕೂಲಿಯವರೆಷ್ಟು ಎಂದು ಪಟ್ಟಿ ಮಾಡುವುದು ಈ ಪದವಿ ಪಡೆದವರ ಕೆಲಸ.

ಸೇರುವುದು ಹೇಗೆ

ಈಗ ಪ್ರವೇಶದ ಮಾತು, ಚಿಕ್ಕದಾಗಿ. ಆಟದಲ್ಲಿ ಇರುವವರಿಗೆ ಹತ್ತಿರದ ದಾರಿ ದೈಹಿಕ ಶಿಕ್ಷಣದ್ದು. ಬಿಕಾಂ ಸೇರಿ ಯಾವ ಪದವಿಯ ನಂತರವಾದರೂ, ಅಂಕ ಮತ್ತು ಕ್ರೀಡಾಕೂಟದಲ್ಲಿ ಭಾಗವಹಿಸಿದ ದಾಖಲೆ ಇದ್ದರೆ ಎರಡು ವರ್ಷದ ಬಿ.ಪಿ.ಎಡ್., ಆಮೇಲೆ ಎರಡು ವರ್ಷದ ಎಂ.ಪಿ.ಎಡ್. ಹಾಗಾಗಿ ಅಂತರ ಕಾಲೇಜು ಕ್ರೀಡಾಕೂಟದ ಪ್ರಮಾಣಪತ್ರಗಳನ್ನು ಕಳೆಯಬೇಡಿ. ಗ್ವಾಲಿಯರಿನ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಸಂಸ್ಥೆ 1957ರಿಂದ ಈ ಕ್ಷೇತ್ರದಲ್ಲಿದೆ.

ವ್ಯಾಯಾಮ ಶರೀರಕ್ರಿಯಾಶಾಸ್ತ್ರದ ಎಂ.ಎಸ್ಸಿ.ಗಳಿಗೆ ಸಾಮಾನ್ಯವಾಗಿ ಜೀವಶಾಸ್ತ್ರ ಅಥವಾ ಫಿಸಿಯೋಥೆರಪಿ ಹಿನ್ನೆಲೆ ಕೇಳುತ್ತಾರೆ. ಅಲ್ಲಿ ನಮಗೆ ಬಾಗಿಲು ಕಿರಿದು. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸಿಗೆ ಕೆಲವು ವಿಶ್ವವಿದ್ಯಾಲಯಗಳು ಯಾವ ಪದವಿಯವರನ್ನಾದರೂ ತೆಗೆದುಕೊಳ್ಳುತ್ತವೆ. ಕಾರ್ಯಕ್ರಮದ ಬಜೆಟ್, ಸಮೀಕ್ಷೆ, ಮೌಲ್ಯಮಾಪನ ಎಲ್ಲ ಬರುವುದು ಇಲ್ಲಿಯೇ. ಅಮೆರಿಕದಲ್ಲಿ ಓದುವ ಆಸೆ ಇದ್ದವರಿಗೆ ಹಲವು ಕಡೆ ಮೊದಲೇ ಅಂಗರಚನೆ, ಶರೀರಕ್ರಿಯೆಯ ಪೇಪರುಗಳನ್ನು ಮುಗಿಸಿ ಬರಲು ಹೇಳುತ್ತಾರೆ. ಪ್ರತಿ ಸಂಸ್ಥೆಯ ಅರ್ಹತೆ ಬೇರೆ, ವರ್ಷ ವರ್ಷಕ್ಕೆ ಬದಲಾಗುತ್ತದೆ. ಆ ವರ್ಷದ ಪ್ರಕಟಣೆಯನ್ನೇ ನೋಡಬೇಕು.

ಯಾವ ದಾರಿ ಹಿಡಿದರೂ ಕೈಬಿಡಬಾರದ ವಿಷಯ ಸಂಖ್ಯಾಶಾಸ್ತ್ರ. ನಮ್ಮಲ್ಲಿ ಸೆಬಾ ತೆಗೆದುಕೊಂಡವರು ಈಗಾಗಲೇ ಸರಾಸರಿ, ವಿಚಲನೆ, ಸಹಸಂಬಂಧ ಮಾಡುತ್ತಿದ್ದಾರೆ. ಹೆಬಾದವರು ಅವರ ಪಠ್ಯಪುಸ್ತಕವನ್ನು ಒಂದು ವಾರ ಸಾಲ ಕೇಳಬಹುದು. ಬಸ್ಸಿನ ಅಧ್ಯಯನದ 2.7 ಮತ್ತು 1.9ರ ವ್ಯತ್ಯಾಸ ಆಕಸ್ಮಿಕವೋ ಅಲ್ಲವೋ ಎಂದು ತೀರ್ಮಾನಿಸುವ ವಿಧಾನ ಶುರುವಾಗುವುದು ಅದರ ಸಂಭವನೀಯತೆಯ ಅಧ್ಯಾಯದಿಂದ.